ಗಡಿಯಾರ ಓಡಲು ಬಿಟ್ಟವನು

ಆಟದ ನಡುವೆ ಹೋಗಿದ್ದ ನೆಟ್‌ವರ್ಕ್ ಮರಳಿದಾಗ ನನ್ನ ಗಡಿಯಾರದಲ್ಲಿ ಇಪ್ಪತ್ತೇ ಸೆಕೆಂಡು ಉಳಿದಿತ್ತು. ತಲಾ ಮೂರು ನಿಮಿಷದ ಆನ್‌ಲೈನ್ ಚೆಸ್; ಸಮಯ ಮುಗಿದವನು ಸೋತಂತೆ. ಗೆದ್ದರೆ ತಿಂಗಳುಗಳಿಂದ ಹಟ ಹಿಡಿದಿದ್ದ ಎರಡು ಸಾವಿರದ ರೇಟಿಂಗ್. ತಿರ್ಲಾಪುರದ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಗಡಬಡಿಸಿ ಕುದುರೆ ನಡೆಸಿದೆ. ಎದುರಾಳಿಗೆ ಇನ್ನೂ ಒಂದೂವರೆ ನಿಮಿಷವಿತ್ತು. ಆದರೂ ಅವನು ಆಡಲೇ ಇಲ್ಲ.

“ಯಾಕ್ರೀ, ಅವರ್ದೂ ನೆಟ್‌ವರ್ಕ್ ಹೋತೇನು?” ಶೇಂಗಾ ಸುಲಿಯುತ್ತಿದ್ದ ಹೆಂಡತಿ ಇಣುಕಿದಳು.

ಅವನ ಸಮಯ ಇಳಿಯುತ್ತ ಇಳಿಯುತ್ತ ನನ್ನಷ್ಟೇ ಆಯಿತು. ಆಗ ಕಾಯಿ ಸರಿಸಿದ.

“ನೆಟ್‌ವರ್ಕ್ ಅಲ್ಲ. ನನ್ನ ಸಲುವಾಗಿ ತನ್ನ ಟೈಮ್ ಕಳದಾನ!” ಎಂದೆ. ಆಮೇಲೆ ಗೆದ್ದವನೂ ಅವನೇ.

ಮೊನ್ನೆ ಮತ್ತೊಬ್ಬ ಎದುರಾಳಿಯ ನೆಟ್‌ವರ್ಕ್ ಹೋಗಿ ಬಂತು. ನಾನು ಕೈಕಟ್ಟಿ ಕೂತೆ. ಹೆಂಡತಿ ಪಕ್ಕಕ್ಕೆ ಸರಿದು ಬಂದಳು. ನನ್ನ ಗಡಿಯಾರ ಇಳಿಯುವುದನ್ನು ಅವಳೂ ನೋಡುತ್ತ ಕೂತಳು.