ಕಪ್ಪು ಕಾರಿನ ಮೇಲಿನ ದುಂಡು ಗೀರುಗಳು

ಶ್ರೀಕಂಠ, ಆರು ಚಳಿಗಾಲಗಳ ಹಿಂದೆ ನಿನ್ನ ಕಪ್ಪು ಕಾರಿನ ಬಣ್ಣ ಕೆಡಿಸಿದ್ದು ನಿನ್ನ ಅಮ್ಮ ಅಲ್ಲ. ನಾನು. ಕೈತಪ್ಪಿ ಆದದ್ದಲ್ಲ—ಗೊತ್ತಿದ್ದೂ, ಬೇಕೆಂದೇ, ಅಂಗೈ ಒತ್ತಿ ಮಾಡಿದ್ದು. ಆಮೇಲೆ ನೀನು ಕೇಳಿದಾಗ ಒಂದೇ ಒಂದು ಮಾತಿನಲ್ಲಿ ಅದನ್ನು ಕಮಲಮ್ಮನವರ ತಲೆಗೆ ಕಟ್ಟಿದೆ. ಈ ನಾಲ್ಕು ಸಾಲು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಉಳಿದದ್ದನ್ನು ನೀನು ಓದುತ್ತೀಯೋ, ಇಲ್ಲಿಗೇ ಹರಿದು ಎಸೆಯುತ್ತೀಯೋ—ಓದು, ದಯವಿಟ್ಟು. ನನಗಾಗಿ ಅಲ್ಲ.

ಆಬರ್ನ್ ಹಿಲ್ಸಿನ ಕಾರು ಕಂಪನಿಯಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಕಾರಿನ ಬಣ್ಣ ಹೇಗೆ ಕೂರುತ್ತದೆ, ಹೇಗೆ ಕೆಡುತ್ತದೆ ಎಂದು ದಿನವಿಡೀ ದೀಪದ ಕೆಳಗೆ ಹಿಡಿದು ನೋಡುವುದು. ನನ್ನ ಹೊಟ್ಟೆಪಾಡೇ ಅದು. ನೀನು ನಮ್ಮೂರು ವಿಕ್ಸಮ್‌ಗೆ ಬಂದು ನಮ್ಮ ಎದುರು ಸಾಲಿನ ಮೂರನೆಯ ಮನೆಗೆ ಬಾಡಿಗೆಗೆ ಇಳಿದ ಮೊದಲ ಚಳಿಗಾಲ—ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪೆಲ್ಲ ಹಾರಿ ನಿನ್ನ ಕಾರು ಸುಣ್ಣ ಹೊಡೆದಂತೆ ಬೆಳ್ಳಗಾಗಿತ್ತು. ನೀನು ಕೈಗವಸಿನಲ್ಲೇ ಅದನ್ನು ಒರೆಸಲು ಹೊರಟಿದ್ದೆ. ನಾನು ಬರೀ ಚಪ್ಪಲಿಯಲ್ಲಿ ಹಿಮದ ಮೇಲೆ ಓಡಿಬಂದು ನಿನ್ನ ಕೈ ಹಿಡಿದೆ. ಒಣಗಿದ ಉಪ್ಪಿನ ಮೇಲೆ ಬಟ್ಟೆ ಆಡಿಸಿದರೆ ಅದರೊಳಗಿನ ಮರಳು ಬಣ್ಣವನ್ನು ಗೀರುತ್ತದೆ ಎಂದು ಹೇಳಿಕೊಟ್ಟೆ. ನಲವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟುವ, ನೀರು ಹೆಪ್ಪುಗಟ್ಟದ ದಿನಕ್ಕೆ ಕಾಯಬೇಕು. ಮೊದಲು ಬರೀ ನೀರು, ಚಕ್ರದ ಒಳಗೂ ಕಾರಿನ ಅಡಿಗೂ, ಉಪ್ಪೆಲ್ಲ ಇಳಿದುಹೋಗುವ ತನಕ. ಆಮೇಲೆ ಎರಡು ಬಕೆಟ್—ಒಂದರಲ್ಲಿ ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಾಡಲು. ಮೇಲಿನಿಂದ ಕೆಳಕ್ಕೆ, ನೇರವಾಗಿ, ಎಂದೂ ಸುತ್ತಿಸಿ ಉಜ್ಜಬಾರದು. ನೀನು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡೆ. ಅವತ್ತಿನಿಂದ ನಾನು ನಿನಗೆ ‘ಗುರುಗಳು’.

ಗುರುಗಳಿಗೆ ಅದು ಬಹಳ ಹಿಡಿಸಿತು. ಶಿಷ್ಯ ಶಿಷ್ಯನಾಗಿಯೇ ಉಳಿದಿದ್ದರೆ ಇನ್ನೂ ಹಿಡಿಸುತ್ತಿತ್ತು.

ನೀನು ಹೇಳಿದ್ದನ್ನು ಮಾಡುವವನು. ನಾನು ಹೇಳುವವನು, ಅಷ್ಟೇ. ಜನವರಿಯ ಮಧ್ಯದಲ್ಲಿ ನಮ್ಮ ಬೀದಿಯ ಕಾರುಗಳೆಲ್ಲ ಬೂದಿ ಬಳಿದುಕೊಂಡು ನಿಂತಿರುವಾಗ ನಿನ್ನದೊಂದು ಕಪ್ಪಗೆ ಮಿಂಚುತ್ತಿತ್ತು—ಗ್ಯಾರೇಜಿನಲ್ಲಿ ಟೋಪಿ ಹಾಕಿಕೊಂಡು, ಬಿಸಿನೀರಿನ ಬಕೆಟ್ಟುಗಳನ್ನು ಹೊತ್ತು ತಂದು, ನೀನು ತೊಳೆದದ್ದೇ ತೊಳೆದದ್ದು. ಯುಗಾದಿ ಊಟದಲ್ಲಿ ಯಾರೋ ತಟ್ಟೆ ಹಿಡಿದುಕೊಂಡು ನನಗೇ ಹೇಳಿದರು: “ವಿಂಟರಲ್ಲಿ ಕಾರ್ ಹೇಗೆ ಇಟ್ಕೋಬೇಕು ಅಂತ ಶ್ರೀಕಂಠನ್ನ ಕೇಳಿ ಸಾರ್, ಚೆನ್ನಾಗಿ ಹೇಳ್ಕೊಡ್ತಾರೆ.” ನೀನು ಪಕ್ಕದಲ್ಲೇ ಇದ್ದೆ. “ಅಯ್ಯೋ, ನಂಗೆ ಹೇಳ್ಕೊಟ್ಟಿದ್ದೇ ಗುರುಗಳು” ಅಂದೆ. ಎಲ್ಲರೂ ನಕ್ಕರು—ನಿನ್ನ ವಿನಯಕ್ಕೆ. ನನ್ನ ಗಾಡಿ ಹೊರಗೆ ಉಪ್ಪು ಮೆತ್ತಿಕೊಂಡು ನಿಂತಿದ್ದನ್ನು ಅವರೆಲ್ಲ ನೋಡಿಕೊಂಡೇ ಒಳಗೆ ಬಂದಿದ್ದರು. ಮನೆಗೆ ಬರುವಾಗ ಹಿಂದಿನ ಸೀಟಿನಿಂದ ನನ್ನ ಮಗ, “ಡ್ಯಾಡ್, ವೈ ಕಾಂಟ್ ಅವರ್ಸ್ ಲುಕ್ ಲೈಕ್ ದಟ್?” ಅಂದ. ನನಗೆ ಹೊಟ್ಟೆಕಿಚ್ಚಾಯಿತು, ಶ್ರೀಕಂಠ. ಬೇರೆ ಒಳ್ಳೆಯ ಹೆಸರು ಅದಕ್ಕಿಲ್ಲ.

ಆದರೂ ಕಾರಿನ ಕಾರಣಕ್ಕಷ್ಟೇ ಆಗಿದ್ದರೆ—ಬಹುಶಃ ಅಲ್ಲಿಗೇ ಆರುತ್ತಿತ್ತು. ಆ ವರ್ಷವೇ ನೀನು ಅಮ್ಮನನ್ನು ಕರೆಸಿಕೊಂಡೆ. ಬಾಡಿಗೆ ಮನೆ, ಒಂದೇ ಸೋಫಾ, ನೀನೂ ವಾಣಿಯೂ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಆದರೂ ಕರೆಸಿಕೊಂಡೆ. ನಾನು ಹನ್ನೆರಡು ವರ್ಷ ನನ್ನಮ್ಮನಿಗೆ “ಮುಂದಿನ ವರ್ಷ” ಅನ್ನುತ್ತಲೇ ಬಂದಿದ್ದೆ. ಮನೆ ಸ್ವಲ್ಪ ದೊಡ್ಡದಾಗಲಿ, ಕೆಳಗೊಂದು ರೂಮಿರಲಿ, ಚಳಿ ಕಳೆಯಲಿ. ಆಕೆ ಕಾದು ಕಾದು ಒಂದು ದಿನ ಹೋಗಿಬಿಟ್ಟಳು, ಪಾಸ್‌ಪೋರ್ಟಿನ ಒಂದು ಹಾಳೆಯ ಮೇಲೂ ಮುದ್ರೆ ಬೀಳದೆ. ಈಗ ನೋಡಿದರೆ ನಿನ್ನ ಗ್ಯಾರೇಜಿನಲ್ಲಿ ಕಮಲಮ್ಮನವರು ಸೀರೆಯ ಮೇಲೆ ನಿನ್ನ ದಪ್ಪ ಜಾಕೆಟ್ ಹಾಕಿಕೊಂಡು, ಮಡಚುವ ಕುರ್ಚಿಯಲ್ಲಿ ಕೂತು, ನೀನು ಕಾರು ತೊಳೆಯುವುದನ್ನು ನೋಡುತ್ತಾ, “ಅಲ್ಲಿ ಬಿಟ್ಟೆ ನೋಡೋ, ಆ ಮೂಲೇಲಿ” ಅನ್ನುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎಷ್ಟು ಸಲ ನೋಡಿದೆನೋ. ನೋಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು, ಮತ್ತೆ ಮತ್ತೆ ಕಿಟಕಿಗೆ ಬಂದೇ ನಿಲ್ಲುತ್ತಿದ್ದೆ.

ಫೆಬ್ರವರಿಯಲ್ಲಿ ಆಫೀಸಿನವರು ನಿನ್ನನ್ನು ಎರಡು ವಾರ ಸ್ಕೋಕಿ ಊರಿನ ಕೆಲಸಕ್ಕೆ ಕಳಿಸಿದರು. ನೀನು ಜೊತೆಯವರ ಕಾರಿನಲ್ಲಿ ಹೊರಟೆ, ನಿನ್ನ ಕಾರಿನ ಕೀ ನನಗೆ ಕೊಟ್ಟೆ. “ಗುರುಗಳೇ, ವಾಣಿಗೆ ಶನಿವಾರನೂ ಡ್ಯೂಟಿ. ಅಮ್ಮನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತೀರಾ? ನಿಮ್ಮ ಗಾಡಿ ಎತ್ತರ, ಹತ್ತಕ್ಕಾಗಲ್ಲ ಅವಳಿಗೆ. ನಮ್ಮದ್ರಲ್ಲೇ ಹೋಗಿ.” ಕಾರಿನ ಬಗ್ಗೆ ನೀನು ಒಂದು ಮಾತೂ ಹೇಳಲಿಲ್ಲ. ನನಗೆ ಹೇಳುವ ಅಗತ್ಯವಿಲ್ಲವೆಂದು ನೀನು ತಿಳಿದಿದ್ದೆ.

ಆ ಶನಿವಾರ ರಸ್ತೆಯೆಲ್ಲ ಉಪ್ಪಿನ ಕೆಸರು. ಹೋಗಿಬರುವಷ್ಟರಲ್ಲಿ ಕಾರು ಬೆಳ್ಳಗಾಗಿ ಒಣಗಿತ್ತು. ದಾರಿಯುದ್ದಕ್ಕೂ ಕಮಲಮ್ಮನವರು ನಿನ್ನ ಬಗ್ಗೆಯೇ ಮಾತನಾಡಿದರು—ತಾಯಿ ಇನ್ನೇನು ಮಾತನಾಡಬೇಕು? ನಮ್ಮ ಮನೆಯ ಮುಂದೆ ಬರುವಾಗ ನನ್ನ ಗಾಡಿಯನ್ನು ನೋಡಿ, ಒಳ್ಳೆಯ ಮನಸ್ಸಿನಿಂದಲೇ ಅಂದರು: “ನಿಮ್ಮ ಕಾರ್ ಯಾಕಪ್ಪಾ ಹಾಗಾಗೋಗಿದೆ? ಸಂಕೋಚ ಮಾಡ್ಕೋಬೇಡಿ, ನಮ್ಮ ಶ್ರೀಕಂಠನ್ನ ಕೇಳಿ. ಹೇಗೆ ತೊಳೀಬೇಕು ಅಂತ ಹೇಳ್ಕೊಡ್ತಾನೆ.” ನಾನು ನಕ್ಕೆ. “ಕೇಳ್ತೀನಮ್ಮ” ಅಂದೆ. ಅವರು ಕಾಫಿ ಬೆರೆಸುತ್ತೇನೆಂದು ಒಳಗೆ ಹೋದರು.

ನಾನು ಕಾರನ್ನು ಹೊರಗೇ ನಿಲ್ಲಿಸಿ ನಮ್ಮ ಮನೆಗೆ ನಡೆದುಹೋದೆ. ಗಾಡಿಯ ಮ್ಯಾಟಿನ ಕೆಳಗೆ ಒಂದು ಚಿಂದಿ ಬಟ್ಟೆ ಇತ್ತು, ಬೂಟಿನ ಮರಳು ಉಪ್ಪು ಒರೆಸುವುದಕ್ಕೆಂದೇ ಇಟ್ಟದ್ದು. ಅದನ್ನು ತೆಗೆದುಕೊಂಡು ವಾಪಸು ಬಂದೆ. ಸಿಟ್ಟಿನ ಭರದಲ್ಲಿ ಏನೋ ಆಗಿಹೋಯಿತು ಎನ್ನುವ ಹಾಗಿಲ್ಲ ನೋಡು—ಹೋಗಿಬರಲು ಒಂದೈದು ನಿಮಿಷವಾದರೂ ಹಿಡಿದಿರಬೇಕು, ಅಷ್ಟರಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಬಾನೆಟ್ಟಿನ ಮೇಲೆ ಆ ಒಣಬಟ್ಟೆಯನ್ನು ಒತ್ತಿ, ಸುತ್ತಿಸಿ ಸುತ್ತಿಸಿ ಉಜ್ಜಿದೆ. ಆಮೇಲೆ ಎರಡು ಬಾಗಿಲು. ಒಂದೊಂದು ಸುತ್ತಿಗೂ ಬಣ್ಣದ ಮೇಲೆ ಏನಾಗುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಬೀದಿಯಿಂದ ನೋಡಿದವರಿಗೆ ನಾನು ನಿನ್ನ ಕಾರನ್ನು ಅಕ್ಕರೆಯಿಂದ ಒರೆಸುತ್ತಿರುವಂತೆ ಕಂಡಿರಬೇಕು. ಕಮಲಮ್ಮನವರಿಗೂ ಹಾಗೇ ಕಂಡಿತು. ಬಾಗಿಲು ತೆರೆದು, “ಅಯ್ಯೋ, ಈ ಚಳೀಲಿ ಯಾಕೆ ಕಷ್ಟ, ಒಳಗೆ ಬನ್ನಿ” ಅಂದರು. ಒಳಗೆ ಹೋಗಿ ಕಾಫಿ ಕುಡಿದೆ. ಚೆನ್ನಾಗಿತ್ತು.

ಕಾರನ್ನು ನಾನು ಗ್ಯಾರೇಜಿಗೆ ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಅದರ ಮೇಲೆ ನಾಲ್ಕಿಂಚು ಹಿಮ ಬಿದ್ದಿತ್ತು. ಮಗ ಇಲ್ಲದ ಹೊತ್ತಿನಲ್ಲಿ ಮಗನ ಕಾರು ಹಿಮದಲ್ಲಿ ಹೂತುಹೋಗಿದೆ ಎಂದು ಕಮಲಮ್ಮನವರಿಗೆ ಜೀವ ತಡೆಯಲಿಲ್ಲ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಹಾಕಿಕೊಂಡು ತಂದಿದ್ದರಲ್ಲ, ತೆಂಗಿನಕಡ್ಡಿ ಪೊರಕೆ—ಇಲ್ಲಿನ ಪೊರಕೆಗಳು ಗುಡಿಸುವುದೇ ಇಲ್ಲ ಎಂಬುದು ಅವರ ದೂರು—ಅದರಲ್ಲೇ ಹಿಮವನ್ನು ಮೆಲ್ಲಗೆ ಕೆಳಕ್ಕೆ ತಳ್ಳಿದರು. ನಾನು ನೋಡಿದೆ. ಕಿಟಕಿಯಲ್ಲೇ ಇದ್ದೆನಲ್ಲ. ಅವರ ಪೊರಕೆಯ ತುದಿ ಬಣ್ಣವನ್ನು ಮುಟ್ಟಿತೋ ಇಲ್ಲವೋ ಅನ್ನುವಷ್ಟು ಹಗುರವಾಗಿ ತಳ್ಳುತ್ತಿದ್ದರು.

ನೀನು ಬಂದ ಮರುದಿನವೇ ಕಾರು ತೊಳೆದೆ. ಗ್ಯಾರೇಜಿನ ದೀಪದ ಕೆಳಗೆ ಕಪ್ಪು ಬಣ್ಣದ ಮೇಲೆಲ್ಲ ಗೀರು. ನೀನು ನನಗೆ ಫೋನ್ ಮಾಡಿದೆ, ನಾನು ಬಂದೆ. ಕಮಲಮ್ಮನವರು ಬಾಗಿಲಲ್ಲಿ ನಿಂತಿದ್ದರು, ಆಗಲೇ ಒಪ್ಪಿಕೊಂಡಿದ್ದರು: “ನಾನೇ ಕಣೋ, ಪೊರಕೇಲಿ ಗುಡಿಸ್ದೆ.” ನೀನು ನನ್ನ ಕಡೆ ತಿರುಗಿದೆ. “ಗುರುಗಳೇ, ಪೊರಕೆಯಿಂದ ಹೀಗಾಗತ್ತಾ?”

ಪೊರಕೆಯಿಂದ ಗೀರು ಬಿದ್ದರೆ ಎಳೆದ ದಿಕ್ಕಿಗೆ ಉದ್ದಕ್ಕೆ ಬೀಳುತ್ತದೆ. ಅಲ್ಲಿದ್ದವು ದುಂಡಗಿದ್ದವು. ಬಟ್ಟೆಯ ಸುತ್ತು, ಒಂದರೊಳಗೊಂದು. ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಅದನ್ನು ಓದಬಲ್ಲವನು ಆ ಗ್ಯಾರೇಜಿನಲ್ಲಿ ನಾನೊಬ್ಬನೇ, ಅದಕ್ಕೇ ನೀನು ನನ್ನನ್ನು ಕರೆದಿದ್ದೆ. ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ನಾನು ಬಗ್ಗಿ ನೋಡಿದಂತೆ ಮಾಡಿ, “ಆಗತ್ತೆ” ಅಂದೆ.

ನೀನು ಜೋರು ಮಾತಿನವನಲ್ಲ. ಅವತ್ತು ಮಾತ್ರ—“ನಿಂಗ್ಯಾರಮ್ಮ ಹೇಳಿದ್ರು ಮಾಡು ಅಂತ? ಇಲ್ಲಿ ಯಾವುದನ್ನೂ ಮುಟ್ಟಬೇಡ ನೀನು!” ನನ್ನೆದುರಿಗೆ ಅನ್ನಿಸಿಕೊಂಡದ್ದಕ್ಕೆ ಕಮಲಮ್ಮನವರ ಮುಖ ಸಣ್ಣದಾಯಿತು. ನಾನು ಅದನ್ನು ನೋಡಿದೆ, ಮತ್ತು—ಇದನ್ನೂ ಹೇಳಿಬಿಡುತ್ತೇನೆ—ಒಂದು ಕ್ಷಣ ನನ್ನ ಹೊಟ್ಟೆಕಿಚ್ಚು ತಣ್ಣಗಾಯಿತು. ಒಂದೇ ಕ್ಷಣ. ಆದರೆ ಆಯಿತು.

ಆಮೇಲಿನದು ನಿನಗೇ ಗೊತ್ತು. ಅವರು ಒಲೆ ಹಚ್ಚಲೂ ವಾಣಿಯನ್ನು ಕೇಳತೊಡಗಿದರು. ಪೊರಕೆಯನ್ನು ತಾವೇ ಕಸದ ಡಬ್ಬಕ್ಕೆ ಹಾಕಿದರು. ಸೋಫಾದ ತುದಿಯಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು, ಬೇರೆಯವರ ಮನೆಗೆ ಬಂದವರಂತೆ. ಎರಡು ತಿಂಗಳು ಮೊದಲೇ ಟಿಕೆಟ್ ಬದಲಿಸಿಕೊಂಡು ಹೊರಟುಹೋದರು. ಏಪ್ರಿಲ್‌ನಲ್ಲಿ ನಾನು ಪಾಲಿಶ್ ಮಾಡುವ ಯಂತ್ರ ತಂದು ನಿನ್ನ ಕಾರಿನ ಗೀರುಗಳನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಅಳಿಸಿಕೊಟ್ಟೆ. ನೀನು ಅದನ್ನು ಊರಿಗೆಲ್ಲ ಹೇಳಿದೆ. “ಗುರುಗಳ ಕೈ ಅಂದ್ರೆ ಕೈ!” ಎಂದು ಎಲ್ಲರೂ ಹೊಗಳಿದರು. ನಾನು ಹೊಗಳಿಸಿಕೊಂಡೆ.

ಅಂದಿನಿಂದ ಅವರು ಬಂದಿಲ್ಲ. ನೀನು ಕ್ಷಮೆ ಕೇಳಿದ್ದೂ ಗೊತ್ತು, ಪ್ರತಿ ವರ್ಷ ಕರೆದದ್ದೂ ಗೊತ್ತು. ಹೋದ ವಾರ ನೋವೈ ಊರಿನ ನಿನ್ನ ಹೊಸ ಮನೆಯನ್ನು ತೋರಿಸುತ್ತಾ ನೀನು ಅಂದೆ: “ಗೃಹಪ್ರವೇಶಕ್ಕೂ ಬರಲ್ವಂತೆ ಗುರುಗಳೇ. ಹೊಸ ಮನೆ, ನಾನು ಬಂದು ಏನಾದ್ರೂ ಹಾಳು ಮಾಡ್ತೀನಿ ಅಂತಾಳೆ.” ಖಾಲಿ ಅಡುಗೆಮನೆಯಲ್ಲಿ ನಿಂತು ಹೇಳಿದೆ ಅದನ್ನು. ಅಂದವನೇ ನನಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿದೆ. ನನಗೆ ಅಲ್ಲೇ ಹೇಳಲು ಧೈರ್ಯ ಬರಲಿಲ್ಲ.

ಇವತ್ತು ಬೆಳಿಗ್ಗೆ ಕಮಲಮ್ಮನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, “ಹಾಗಾದ್ರೆ ಪೊರಕೆಯಿಂದ ಅಲ್ವಾ?” ಅಂದರು. “ಅಲ್ಲಮ್ಮ.” ಆಗ ಅವರು ಅಂದರು: “ಮಗ ಅಂದಿದ್ದು ಸರಿ, ನಂದೇ ತಪ್ಪು ಅಂತ ನುಂಗ್ಕೊಂಡಿದ್ದೆ. ಆರು ವರ್ಷ ಕಣಪ್ಪಾ.” ನಾನು ಕ್ಷಮಿಸಿ ಅಂದೆ. ಕ್ಷಮಿಸುತ್ತೇನೆ ಎಂದು ಅವರು ಹೇಳಲಿಲ್ಲ. “ಅವನಿಗೆ ಹೇಳಿದ್ರಾ?” ಎಂದು ಕೇಳಿದರು. ಇಲ್ಲ ಅಂದೆ. “ಮೊದ್ಲು ಹೇಳಿ. ಯಾವುದನ್ನೂ ಮುಟ್ಟಬೇಡ ಅಂದನಲ್ಲ, ಆ ಮಾತನ್ನ ಅವನು ನನ್ನ ಹತ್ರ ವಾಪಸ್ ತಗೊಳ್ಳಲಿ. ಬರೋದು ಬಿಡೋದು ಆಮೇಲೆ ನೋಡೋಣ.”

ಹೇಳಿದ್ದೇನೆ. ಗೃಹಪ್ರವೇಶಕ್ಕೆ ನನ್ನನ್ನು ಕರೆಯಬೇಡ. ಅವರು ಬಂದರೆ ಆ ಮನೆಯಲ್ಲಿ ನನ್ನ ಮುಖ ಕಾಣುವುದು ಬೇಡ. ಇದನ್ನು ಓದಿ ಮುಗಿಸಿದ ಮೇಲೆ ನನಗೆ ಫೋನ್ ಮಾಡಬೇಡ, ಬೈಯುವುದಕ್ಕೂ. ಅವರಿಗೆ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತಾರಂತೆ.