ಎರಡು ಲಟ್ಟಣಿಗೆಯ ವಿಮಾನ

ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಸುವ ವಾಸನೆ ಎಷ್ಟು ವರ್ಷಗಳ ಮೇಲೆ ಮೂಗಿಗೆ ಬಡಿಯಿತು! ಮೊನ್ನೆ ಮಗಳು ನನ್ನ ಮೊಣಕಾಲಿಗೆ ಹಚ್ಚಲೆಂದು ಕಾಸುತ್ತಿದ್ದಳು. ಎಸಳುಗಳು ಕೆಂಪಗಾಗಿ ಚಟಪಟ ಅನ್ನುತ್ತಿದ್ದಂತೆ ನಾನು ಕೂತ ಕುರ್ಚಿಯನ್ನೂ ಮರೆತು ಜಮಖಂಡಿಯ ನಮ್ಮ ಓಣಿಗೆ ಹೋಗಿಬಿಟ್ಟೆ. ಪಕ್ಕದ ಮನೆಯ ಚಿಗವ್ವನ ಸೆರಗಿಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಚಿಗವ್ವ ಎಂದರೆ ರಕ್ತಸಂಬಂಧವೇನಲ್ಲ. ಎರಡು ಮನೆಗೆ ನಡುಗೋಡೆ ಒಂದೇ, ಅದೇ ನಂಟು. ಹುನ್ನೂರಿನ ಒಕ್ಕಲುತನದ ಮನೆಯ ಮಗಳು ಅವಳು. ಅಣ್ಣತಮ್ಮಂದಿರು ಇಲ್ಲದ್ದರಿಂದ ಚಿಕ್ಕಂದಿನಲ್ಲಿ ಅಪ್ಪನ ಚಕ್ಕಡಿ ಹೊಡೆದವಳು. ದನಿ ಅಂದರೆ ಅದು ದನಿ! ಅವಳು ಹಿತ್ತಲಲ್ಲಿ ಮಾತಾಡಿದರೆ ಓಣಿಯ ತುದಿಯ ಹಿಟ್ಟಿನ ಗಿರಣಿಯವನು ಉತ್ತರ ಕೊಡುತ್ತಿದ್ದ. ಅವಳ ಗಂಡ, ನಮ್ಮೆಲ್ಲರ ಕಾಕಾ, ಲೋಕಾಪುರದ ದಾರಿಯಲ್ಲಿ ಸರ್ವಿಸ್ ಮೋಟಾರು ಓಡಿಸುತ್ತಿದ್ದವರು. ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಕಟ್ಟೆಯ ಹೊರಸಿನ ಮೇಲೆ ಕೂತಿರುತ್ತಿದ್ದರು. ಆ ಕಾಲಿಗೇ ದಿನಾ ಆ ಎಣ್ಣೆ.

ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾದ ಹೊಸತು ಅದು. ನಾನು ಮುಂಬಯಿಯಲ್ಲಿ ಎರಡು ಇಂಜಿನ್ನಿನ ವಿಮಾನ ಹಾರಿಸುತ್ತಿದ್ದೆ. ಚೆನ್ನಾಗಿಯೇ ಹಾರಿಸುತ್ತಿದ್ದೆ, ಅದರ ಸೊಕ್ಕೂ ಇತ್ತು. ಆದರೆ ನನ್ನ ಆಸೆಯೆಲ್ಲ ಹಾರುವುದನ್ನು ಕಲಿಸುವ ಮಾಸ್ತರಿಕೆಯ ಮೇಲೆ. ಅದರ ಪರೀಕ್ಷೆಯಲ್ಲಿ ನಪಾಸಾಗಿ, ರಜೆ ಹಾಕಿ, ಕುಡಚಿಯಲ್ಲಿ ರೈಲಿಳಿದು, ಮುಖ ಗಂಟಿಕ್ಕಿಕೊಂಡು ಊರಿಗೆ ಬಂದಿದ್ದೆ. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಹೋದರೆ ಮಾಸ್ತರಿಕೆಯ ಮಾತು ಮುಗಿದಂತೆ.

ನಪಾಸಾದದ್ದು ಹೀಗೆ. ಎರಡು ಇಂಜಿನ್ನಿನಲ್ಲಿ ಒಂದು ನಿಂತರೆ ವಿಮಾನದ ಮೂಗು ಆ ಕಡೆ ಎಳೆಯುತ್ತದೆ. ಇನ್ನೊಂದು ಕಡೆಯ ಕಾಲಿನಿಂದ ಒತ್ತಿ ಅದನ್ನು ನೆಟ್ಟಗೆ ಹಿಡಿಯಬೇಕು. ಆಗ ಯಾವ ಕಾಲು ಕೆಲಸವಿಲ್ಲದೆ ಸುಮ್ಮನಿರುತ್ತದೋ ಆ ಕಡೆಯ ಇಂಜಿನ್ ಸತ್ತಿದೆ ಎಂದು ತಿಳಿದು, ಅದರ ಹಿಡಿಕೆಯನ್ನು ಹಿಂದಕ್ಕೆ ಎಳೆಯಬೇಕು. ಮಾಸ್ತರನಾದವನು ಬೇಕೆಂದೇ ಒಂದು ಇಂಜಿನ್ ತಗ್ಗಿಸಿ ಶಿಷ್ಯನಿಗೆ ಇದನ್ನು ಕಲಿಸುತ್ತಾನೆ. ಪರೀಕ್ಷಕರು ನನ್ನ ಶಿಷ್ಯನಂತೆ ಕೂತು, ಬೇಕಂತಲೇ ತಪ್ಪು ಹಿಡಿಕೆಯತ್ತ ಕೈ ಚಾಚಿದರು. ಅವರ ಕೈ ಮುಟ್ಟುವುದರೊಳಗೆ ನಾನು ಎಲ್ಲ ಕಸಿದುಕೊಂಡು ಚೊಕ್ಕಾಗಿ ಇಳಿಸಿದೆ. ‘ವಿಮಾನ ಛಲೋ ಹಾರಿಸುತ್ತೀರಿ. ಆದರೆ ನಿಮ್ಮ ಪಕ್ಕದಲ್ಲಿ ಕೂತವನು ಏನೂ ಕಲಿಯುವುದಿಲ್ಲ’ ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಗಿತ್ತು.

“ನನಗ ಕಲಸು ನೋಡೂಣು” ಅಂದವಳು ಚಿಗವ್ವ. “ನನ್ನಂಥಾ ಹೆಡ್ಡೀಗೆ ಕಲಿಸಿದಿ ಅಂದ್ರ ಯಾರಿಗೆ ಬೇಕಾದ್ರೂ ಕಲಸ್ತೀ.”

ಅವಳ ಕಟ್ಟೆಯ ಮೇಲೆಯೇ ವಿಮಾನ ತಯಾರಾಯಿತು. ಒಂದು ಡಬ್ಬಿಯ ತುಂಬ ಜೋಳ ಹಾಕಿ ಎರಡು ಲಟ್ಟಣಿಗೆ ನೆಟ್ಟೆ, ಒಂದು ಅವಳದು, ಇನ್ನೊಂದು ನಮ್ಮವ್ವನದು. ಅವು ಎರಡು ಇಂಜಿನ್ನಿನ ಹಿಡಿಕೆ. ಕಾಲ ಕೆಳಗೆ ಹಳೆಯ ಬಾಗಿಲ ಹಲಗೆಯ ತುಂಡು, ನಡುವೆ ಮೊಳೆ. ಅದರ ತುದಿಗೆ ಕಟ್ಟಿದ ಹಗ್ಗ ನಾನು ಜಗ್ಗಿದರೆ ಹಲಗೆ ಒಂದು ಕಡೆ ತಿರುಗುತ್ತಿತ್ತು. ಅವಳು ಕಾಲಿನಿಂದ ಒತ್ತಿ ನೆಟ್ಟಗೆ ಮಾಡಿ, ಸತ್ತ ಇಂಜಿನ್ನಿನ ಲಟ್ಟಣಿಗೆಯನ್ನು ಹಿಂದಕ್ಕೆಳೆಯಬೇಕು. ಕಾಕಾ ಹೊರಸಿನ ಮೇಲೆ ಕೂತು, ಸರಿಯಿದ್ದ ಅರ್ಧ ಮುಖದಿಂದಲೇ ಪೂರ್ತಿ ನಗು ನಗುತ್ತಿದ್ದರು.

ನಾನು ಹಗ್ಗ ಜಗ್ಗಿದ ಕೂಡಲೆ ಚಿಗವ್ವ ಪ್ರತಿ ಸಲ ಅದೇ ತಪ್ಪು ಮಾಡುತ್ತಿದ್ದಳು. ಸತ್ತ ಇಂಜಿನ್ನಿನ ಲಟ್ಟಣಿಗೆಯನ್ನೇ ಹಿಡಿದು ಮುಂದಕ್ಕೆ ನೂಕುವುದು!

“ಹಿಂದ ಬಿದ್ದ ಎತ್ತಿಗೆ ಬಾರಕೋಲ ತೋರಸಬೇಕೋ ಬ್ಯಾಡೋ?” ಅಂತ ನನಗೇ ಕೇಳುವಳು.

“ಇದು ಎತ್ತಲ್ಲ ಚಿಗವ್ವಾ! ಎಷ್ಟ ಹೊಡದ್ರೂ ಏಳಂಗಿಲ್ಲ ಇದು. ತಗಿ ಕೈ, ಹಿಂಗ ಮಾಡು!” ಎಂದು ನಾನು ಲಟ್ಟಣಿಗೆ ಕಸಿದು ತೋರಿಸುವೆ. ಮರುದಿನವೂ ಅದೇ. ನಾನು ಒದರುವುದು, ಅವಳು ನನ್ನ ಕೈಮೇಲೆ ಚಟ್ಟನೆ ಹೊಡೆಯುವುದು... ಓಣಿಯವರಿಗೆಲ್ಲ ಪುಕ್ಕಟೆ ನಾಟಕ.

ಒಂದು ಸಂಜೆ ಅವಳು ಎದ್ದೇಬಿಟ್ಟಳು. “ಎಲ್ಲಾ ನೀನ ಮಾಡಂವ ಇದ್ದಮ್ಯಾಲೆ ನಾ ಯಾಕ ಕುಂದ್ರಲಿ? ನನ್ನ ಲಟ್ಟಣಗಿ ಕೊಡು, ಚಪಾತಿ ಮಾಡೂದೈತಿ.”

ಅದು ನನ್ನ ಪರೀಕ್ಷಕರ ಮಾತೇ ಆಗಿತ್ತು. ಅಂದು ನಾನು ಉಂಡೆನೋ ಇಲ್ಲವೋ ನೆನಪಿಲ್ಲ. ಚಪಾತಿ ಮಾಡುವ ಹೆಂಗಸೂ ನನ್ನನ್ನು ನಪಾಸು ಮಾಡಿದಳಲ್ಲ ಎಂದು ಸಿಟ್ಟು ಬಂದಿತ್ತು, ಅದು ಮಾತ್ರ ಚೆನ್ನಾಗಿ ನೆನಪಿದೆ.

ಮರುದಿನ ಮುಂಜಾನೆ ಚಹಾ ಬಟ್ಟಲು ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಚಿಗವ್ವ ಕಾಕಾನನ್ನು ನಡೆಸುತ್ತಿದ್ದಳು. ಹೊಸ್ತಿಲಿನಿಂದ ಬೇವಿನ ಗಿಡದವರೆಗೆ, ದಿನದ ರೂಢಿ ಅದು. ಕಾಕಾ ಬಲಗಾಲು ಇಟ್ಟು ಎಡಗಾಲನ್ನು ಎಳೆದುಕೊಳ್ಳುತ್ತ ಹೋಗುತ್ತಿದ್ದರು. ಅಂಗಳದ ನಡುವೆ ಇದ್ದಕ್ಕಿದ್ದಂತೆ ಎಡಕ್ಕೆ ವಾಲಿದರು. ಬಟ್ಟಲು ಒಗೆದು, ಕಟ್ಟೆ ಜಿಗಿದು ಓಡಿಹೋಗಿ ಅವರ ರಟ್ಟೆ ಹಿಡಿದೆ.

“ಬಿಡಲೇ!” ಎಂದು ಕಾಕಾ ಚೀರಿದರು. ತೊದಲು ನಾಲಿಗೆಯಲ್ಲೂ ಆ ಮಾತು ಸ್ಪಷ್ಟವಾಗಿ ಬಂತು. ಅವರ ಕಣ್ಣಲ್ಲಿ ನೀರು.

“ಬೀಳತಾರಂತ ಯಾರ ಹೇಳಿದ್ರು ನಿನಗ?” ಅಂದಳು ಚಿಗವ್ವ.

“ವಾಲಿದ್ರಲಾ ಚಿಗವ್ವಾ!”

“ವಾಲಿದ್ರು. ತಾವ ಸಂಭಾಳಿಸಿಕೊಳ್ಳಾಕತ್ತಿದ್ರು. ನನ್ನ ಕೈ ಎಲ್ಲಿತ್ತು, ಅದನ್ನ ನೋಡಿದೇನು?”

ನೋಡಿರಲಿಲ್ಲ. ಕಾಕಾನನ್ನು ಬಿಟ್ಟು ದೂರ ನಿಂತು ಆಗ ನೋಡಿದೆ. ಅವರು ಮತ್ತೆ ಹೆಜ್ಜೆಯಿಟ್ಟರು. ಚಿಗವ್ವನ ಬಲಗೈ ಅವರ ಸೊಂಟದ ಹಿಂದೆ ಇತ್ತು, ತುಸು ಅಂತರ ಬಿಟ್ಟು. ಮುಟ್ಟುತ್ತಿರಲಿಲ್ಲ. ಅವರು ವಾಲಿದಾಗ ಕೈಯೂ ಜೊತೆಗೇ ಸರಿಯುತ್ತಿತ್ತು, ಆದರೂ ಮುಟ್ಟುತ್ತಿರಲಿಲ್ಲ. ಅಷ್ಟು ದೊಡ್ಡ ಬಾಯಿಯ ಚಿಗವ್ವ ಆ ಅಂಗಳ ದಾಟುವವರೆಗೆ ತುಟಿಪಿಟಕ್ಕೆನ್ನಲಿಲ್ಲ. ಕಾಕಾ ಬೇವಿನ ಗಿಡ ಮುಟ್ಟಿ, ತಿರುಗಿ ನನ್ನನ್ನು ನೋಡಿದರು. ಏನು ಗೆಲುವು ಆ ಮುಖದಲ್ಲಿ!

ಅವರನ್ನು ಕೂಡಿಸಿ ಎಣ್ಣೆ ತಿಕ್ಕುತ್ತ ಅವಳು ಮೆಲ್ಲಗೆ ಹೇಳಿದಳು. “ನನಗೇನು ಅಂಜಿಕಿ ಇಲ್ಲಂತ ತಿಳದೀಯೇನು ತಮ್ಮಾ? ದಿನಾ ಜೀವಾ ಬಾಯಿಗೆ ಬರತೈತಿ. ಆದ್ರ ನಾ ಹಿಡಕೊಂಡ್ನೆಂದ್ರ ಇವರ ಕಾಲಿಗೆ ನನ್ನ ಕೈಯ ರೂಢಿ ಆಗಿಬಿಡತೈತಿ.”

ಅಂದು ಸಂಜೆ ನಾನೇ ಹೋಗಿ ಲಟ್ಟಣಿಗೆ ಬೇಡಿ ತಂದೆ. ಹಗ್ಗ ಜಗ್ಗಿದೆ. ಚಿಗವ್ವ ಕಾಲಿನಿಂದ ಒತ್ತಿದಳು, ಮತ್ತೆ ಅದೇ ತಪ್ಪು, ಸತ್ತ ಇಂಜಿನ್ನಿನ ಲಟ್ಟಣಿಗೆ ಹಿಡಿದು ಮುಂದಕ್ಕೆ ನೂಕಿದಳು. ಬಾಯಿತನಕ ಬಂದ ಮಾತನ್ನು ನುಂಗಿಕೊಂಡೆ. ನನ್ನ ಕೈಯನ್ನು ಲಟ್ಟಣಿಗೆಯ ಹಿಂದೆ, ತುಸು ಅಂತರ ಬಿಟ್ಟು ಹಿಡಿದು ಕೂತೆ. ಇನ್ನೊಂದು ಕೈಯ ಹಗ್ಗ ಸಡಿಲು ಬಿಡಲಿಲ್ಲ. ಅವಳು ನೂಕಿದಳು, ನೂಕಿದಳು... ಏನೂ ಆಗಲಿಲ್ಲ. ಕೊನೆಗೆ ಬಗ್ಗಿ ತನ್ನ ಪಾದಗಳನ್ನು ನೋಡಿಕೊಂಡಳು.

“ಈ ಕಾಲು ಸುಮ್ಮ ಐತಿ... ಅಯ್ಯ, ಇದಲಾ ಸತ್ತದ್ದು!” ಎಂದು ಅದೇ ಲಟ್ಟಣಿಗೆಯನ್ನು ಹಿಂದಕ್ಕೆ ಎಳೆದೇ ಎಳೆದಳು. ಜೋಳವೆಲ್ಲ ಕಟ್ಟೆಯ ತುಂಬ ಚೆಲ್ಲಾಪಿಲ್ಲಿ. ಕಾಕಾ ಹೊರಸಿನ ಕಟ್ಟಿಗೆಗೆ ಬಲಗೈಯಿಂದ ಬಡಿದರು. ಮುಂದೆ ಅವಳು ಆ ತಪ್ಪು ಮಾಡಲೇ ಇಲ್ಲ.

ಎರಡನೆಯ ಪರೀಕ್ಷೆಯಲ್ಲಿ ಅದೇ ಪರೀಕ್ಷಕರು, ಅದೇ ಆಟ. ತಪ್ಪು ಹಿಡಿಕೆಯತ್ತ ಅವರ ಕೈ ಹೋಯಿತು. ನನ್ನ ಕೈ ಅದರ ಹಿಂದೆಯೇ ಹೋಯಿತು, ಮುಟ್ಟಲಿಲ್ಲ. “ಯಾವ ಕಾಲು ಸುಮ್ಮನಿದೆ?” ಎಂದಷ್ಟೇ ಕೇಳಿದೆ. ಅವರು ಓರೆಗಣ್ಣಿನಿಂದ ನನ್ನ ಕೈ ಇರುವ ಜಾಗ ನೋಡಿದರು. ಇಳಿದ ಮೇಲೆ ಕೈಕುಲುಕಿದರು.

ಪೇಢೆ ತಗೊಂಡು ಊರಿಗೆ ಓಡಿಬಂದೆ. “ಆತೇನು?” ಅಂದಳು ಚಿಗವ್ವ. “ಆತು!” ಅಂದೆ. ಅಂದಿನಿಂದ ಸಂತೆಯಲ್ಲಿ ಸಿಕ್ಕವರಿಗೆಲ್ಲ, ಬನಹಟ್ಟಿಯಿಂದ ಸೀರೆ ಮಾರಲು ಬರುವವನಿಗೂ, “ವಿಮಾನದ ಮಾಸ್ತರಗ ನಾನ ಕಲಿಸೀನಿ” ಎಂದು ಹೇಳುತ್ತ ತಿರುಗಿದಳು. ಸುಳ್ಳೇನಲ್ಲವಲ್ಲ! ಒಮ್ಮೆ ನಿಜವಾದ ವಿಮಾನದಲ್ಲಿ ಕೂಡಿಸಿಕೊಂಡು ಹೋಗುತ್ತೇನೆಂದರೆ, “ಇವರು ಚಂದಂಗ ನಡೀಲಿ, ಆಮ್ಯಾಲೆ ಇಬ್ಬರೂ ಬರತೀವಿ” ಅನ್ನುತ್ತಿದ್ದಳು. ಕಾಕಾ ಗಿಡ ದಾಟಿ ಓಣಿಯ ತುದಿಯ ಗಿರಣಿಯವರೆಗೂ ನಡೆದರು. ಆದರೆ ವಿಮಾನದವರೆಗೆ ಇಬ್ಬರೂ ಬರಲಿಲ್ಲ. ಕಾಕಾ ಹೋದರು, ಕೆಲವು ವರ್ಷಕ್ಕೆ ಅವಳೂ ಹೋದಳು. ಸುದ್ದಿ ತಲುಪಿದಾಗ ನಾನು ದೂರದ ಊರಲ್ಲಿ ಶಿಷ್ಯನೊಬ್ಬನ ಪಕ್ಕ ಕೂತು ಹಾರಿ ಆಗಷ್ಟೇ ಇಳಿದಿದ್ದೆ...

ಮೊನ್ನೆ ಎಣ್ಣೆ ಹಚ್ಚಿದ ಮೇಲೆ ಎದ್ದು ನಿಂತೆ. ಮೊಣಕಾಲು ಜಗ್ಗಿ ಒಂದು ಕಡೆ ವಾಲಿದೆ. ಮಗಳು ಗಾಬರಿಯಾಗಿ ರಟ್ಟೆ ಹಿಡಿದಳು.

“ಹಿಡೀಬ್ಯಾಡವಾ. ಹಿಂದ ಕೈ ಇಟಗೊಂಡು ಸುಮ್ಮ ಬಾ” ಅಂದೆ.

ಬಾಗಿಲವರೆಗೆ ನಡೆದೆ. ತಿರುಗಿ ನೋಡಲಿಲ್ಲ, ಆದರೂ ಬೆನ್ನ ಹಿಂದೆ ಕೈ ಬರುತ್ತಿದೆ ಎಂದು ಗೊತ್ತಾಗುತ್ತಿತ್ತು, ಎಣ್ಣೆಯ ವಾಸನೆ ಜೊತೆಗೇ ಇತ್ತು. ಹೊಸ್ತಿಲು ಮುಟ್ಟಿದಾಗ “ನೋಡಿದೇನು ಚಿಗವ್ವಾ!” ಎಂದು ಬಾಯಿಂದ ಬಂದುಬಿಟ್ಟಿತು. ಆಮೇಲೆ ತಿರುಗಿ ನೋಡಿದೆ. ನಿಂತಿದ್ದವಳು ಮಗಳು.