ಪೊರಕೆ ಗುಡಿಸಿದ ನೆಂಟ

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಪೊರಕೆ ಎಂದೇ ಕರೆಯುತ್ತಿದ್ದರು. ಅವನ ಕೆಲಸವೇ ಹಾಗಿತ್ತು. ಚಿಟ್ಟೆಯ ಡಿಎನ್‌ಎ ಎಂಬ ಉದ್ದನೆಯ ಬರಹ ಕಂಪ್ಯೂಟರಿಗೆ ಬಂದೊಡನೆ, ಅದರಲ್ಲಿ ಮತ್ತೆ ಮತ್ತೆ ಬರುವ ತುಣುಕುಗಳನ್ನು ಅಳಿಸಿ ಆ ಜಾಗವನ್ನು ಖಾಲಿ ಬಿಡುವುದು. ಇವು ಜಿಗಿಯುವ ತುಣುಕುಗಳು. ತಮ್ಮನ್ನು ತಾವೇ ನಕಲು ಮಾಡಿಕೊಂಡು, ಕರೆಯದೆ ಬಂದ ನೆಂಟರ ಹಾಗೆ ಎಲ್ಲೆಂದರಲ್ಲಿ ಹೋಗಿ ಕೂರುತ್ತವೆ.

"ಕಸದಲ್ಲಿ ಕೈಯಾಡಿಸಿದ್ರೆ ಕೈ ಗಲೀಜಾಗುತ್ತೆ, ಅಷ್ಟೆ. ಮೊದಲು ಗುಡಿಸು, ಆಮೇಲೆ ನೋಡು," ಎಂದು ಕೆಲಸಕ್ಕೆ ಸೇರಿದ ದಿನವೇ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳಿಕೊಟ್ಟಿದ್ದರು. ಅವನು ಒಮ್ಮೆಯೂ ತಪ್ಪಿಸಿದವನಲ್ಲ.

ಕೆಳಗಿನ ಮಹಡಿಯಲ್ಲಿ ಚಿಟ್ಟೆ ಸಾಕುವವಳು ಅವನ ಅಕ್ಕ. ಬಲೆಯ ಗೂಡುಗಳು, ಸೊಪ್ಪಿನ ಕುಂಡಗಳು, ಒದ್ದೆ ಮಣ್ಣಿನ ವಾಸನೆ. ಬೆರಳು ತಾಗಿದರೆ ನಲುಗುತ್ತವೆಂದು ಮರಿಹುಳಗಳನ್ನು ಮೆತ್ತನೆಯ ಕುಂಚದಿಂದಲೇ ಎಲೆಯಿಂದ ಎಲೆಗೆ ದಾಟಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ನಕ್ಕದ್ದನ್ನು ತಮ್ಮ ನೋಡಿದ್ದು ಆ ಕೋಣೆಯಲ್ಲಿ ಮಾತ್ರ.

ಹೊರದೇಶದಿಂದ ತಂದು ಸಾಕಿದ ಆ ಚಿಟ್ಟೆಗಳಲ್ಲಿ ಗಂಡೆಲ್ಲ ಹಳದಿ. ಹೆಣ್ಣುಗಳಲ್ಲಿ ಕೆಲವು ಹಳದಿ, ಕೆಲವು ಬಿಳಿ. ಒಂದೇ ತಾಯಿಯ ಹೆಣ್ಣುಮಕ್ಕಳಲ್ಲಿ ಈ ಭೇದ ಏಕೆಂದು ತಿಳಿದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಬೀಗ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

"ಏನಾದ್ರೂ ಸಿಕ್ತೇನೋ?" ಎಂದು ಅಕ್ಕ ದಿನವೂ ಕೇಳುತ್ತಿದ್ದಳು.

"ಇಲ್ಲ ಕಣಕ್ಕ. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣ್ತಿಲ್ಲ."

"ನಿನ್ನ ಕಂಪ್ಯೂಟರಿಗೆ ಒಂದು ಕನ್ನಡಕ ಹಾಕ್ಸು."

ಗುಡಿಸಿದ್ದು ಸಾಲದೇನೋ ಎಂದು ಅವನು ಇನ್ನೂ ಚೊಕ್ಕಟವಾಗಿ ಗುಡಿಸಿದ.

ಕೋಣೆ ಮುಚ್ಚಿತು. ಸಾಕಿದ ಚಿಟ್ಟೆಗಳನ್ನು ಹೊರಗೆ ಬಿಡುವಂತಿರಲಿಲ್ಲ. ಕೊಲ್ಲುವ ಕೆಲಸವನ್ನು ಬೇರೆಯವರಿಗೆ ಬಿಡಲು ಮನಸ್ಸಾಗದೆ ಅಕ್ಕನೇ ಅವನ್ನು ಫ್ರೀಜರಿಗೆ ಹಾಕಿದಳು. ರೆಕ್ಕೆ ಮಡಚಿ ಕೂತವನ್ನು ಮೊದಲು, ಹಾರಾಡುತ್ತಿದ್ದವನ್ನು ಆಮೇಲೆ. ಬಳಿಕ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದಳು.

ಹಳೆಯ ಕಡತಗಳನ್ನು ತೆಗೆದಿಡುವ ಮೊದಲು ಅವನು ಕೊನೆಯ ಸಲ ಲೆಕ್ಕ ಓಡಿಸಿದ. ಡಿಸ್ಕ್ ತುಂಬಿ, ಗುಡಿಸುವ ಪ್ರೋಗ್ರಾಮ್ ಅರ್ಧಕ್ಕೇ ನಿಂತಿತು. ಬೇಸತ್ತು ಗುಡಿಸದ ಬರಹವನ್ನೇ ತೆರೆದ. ರೆಕ್ಕೆಯ ಬಣ್ಣ ನಿರ್ಧರಿಸುವ ಜೀನಿನ ಪಕ್ಕದಲ್ಲಿ ಒಂದು ಜಿಗಿಯುವ ತುಣುಕು ಕೂತಿತ್ತು. ಎಲ್ಲ ಬಿಳಿ ಹೆಣ್ಣುಗಳಲ್ಲೂ ಇತ್ತು, ಹಳದಿ ಹೆಣ್ಣು ಒಂದರಲ್ಲೂ ಇರಲಿಲ್ಲ. ಇಷ್ಟು ಕಾಲ ಅವನು ಎಲ್ಲಕ್ಕಿಂತ ಮೊದಲು ಗುಡಿಸಿ ಹಾಕಿದ್ದು ಆ ನೆಂಟನನ್ನೇ.

ಮೇಡಂ ಪರದೆಯ ಮೇಲಿನ ಸಾಲುಗಳನ್ನು ಒಂದೊಂದಾಗಿ ತಾಳೆ ನೋಡಿದರು. "ಆ ತುಣುಕು ತೆಗೆದ್ರೆ ಮರಿ ಹಳದಿ ಆಗುತ್ತಾ ಅಂತ ನೋಡ್ಬೇಕು. ಅದಕ್ಕೆ ಜೀವಂತ ಬಿಳಿ ಹೆಣ್ಣು ಬೇಕು," ಎಂದರು ಕೊನೆಗೆ.

ಅವನು ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದ. ಬಿಸಿ ಆವಿಯ ನಡುವೆ ಅಕ್ಕ ಹಾಸಿಗೆಯ ಹೊದಿಕೆಗಳನ್ನು ಮಡಚುತ್ತಿದ್ದಳು. ಸೋಪಿನ ನೀರಿಗೆ ಬೆರಳುಗಳು ಬಿರಿದಿದ್ದವು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ.

"ಹಾಗಾದ್ರೆ ಕೋಣೆ ಮತ್ತೆ ತೆಗೀತಾರಾ?"

"ಬಿಳಿ ಹೆಣ್ಣು ಇರೋದು ಫ್ರೀಜರಲ್ಲಿ ಮಾತ್ರ, ಅಕ್ಕ."

"ಸತ್ತದ್ದು ಮೊಟ್ಟೆ ಇಡುತ್ತೇನೋ?"

ಅಕ್ಕ ಹೊದಿಕೆಯ ಇನ್ನೊಂದು ಅಂಚನ್ನು ಅವನತ್ತ ಚಾಚಿದಳು.

"ಹಿಡ್ಕೋ. ಇದನ್ನ ಒಬ್ಬಳೇ ಮಡಚೋಕಾಗಲ್ಲ."

ಅವನು ಹಿಡಿದುಕೊಂಡ. ರಾಶಿ ಮುಗಿಯುವವರೆಗೂ ಅವಳು ಅವನ ಮುಖ ನೋಡಲಿಲ್ಲ.